ಉಪಗ್ರಹ ಸಂಕೇತಗಳ ಗುಣಪರೀಕ್ಷೆ

2020ನೆಯ ಇಸವಿಯಲ್ಲಿ ಶಾಲೆಗಳೆಲ್ಲವೂ ಮುಚ್ಚಿದ್ದಾಗ, ಚಂದನ ವಾಹಿನಿಯಲ್ಲಿ ಬರುತ್ತಿದ್ದ ಪಾಠಗಳನ್ನು ನೋಡುವುದಕ್ಕಾಗಿ ನೆರೆಮನೆಯ ಬಾಲಿಕೆಯೊಬ್ಬಳು ನಮ್ಮ ಮನೆಗೆ ಬರುತ್ತಿದ್ದಳು. ಒಂದು ದಿನ ಗಣಿತದ ಪಾಠವು ನಡೆಯುತ್ತಿರಲು ಮಳೆಯು ಹಿಡಿಯಿತು. ಚಿತ್ರವು ಚೌಕಚೌಕವಾಗಿ ಒಡೆದು ಮಾಯವಾಯಿತು. “ಮೇಷ್ಟ್ರೇ, ಉತ್ತರವೇ ಹೋಯಿತಲ್ಲ!” ಎಂದು ಮುಖವನ್ನು ಸಣ್ಣದು ಮಾಡಿದಳು. ಸಂಸ್ಕೃತದ ಉಪಾಧ್ಯಾಯನಾದ ನಾನು ಆ ಉತ್ತರವನ್ನು ಹೇಳಲಾರದೆ ಹೋದೆನು. ಚಿತ್ರವು ಹೋದ ಕಾರಣವನ್ನಾದರೂ ತಿಳಿಯಬೇಕೆಂಬ ಹಟವು ಮಾತ್ರ ಹುಟ್ಟಿತು.

ಸೆಟ್‌ಟಾಪ್ ಪೆಟ್ಟಿಗೆಯು ಕೇಳಿದರೆ ಎರಡು ಪಟ್ಟಿಗಳನ್ನು ತೋರಿಸುತ್ತದೆ: ಒಂದು ಸಂಕೇತದ ಬಲ, ಮತ್ತೊಂದು ಗುಣ. ಬಲವೆಂಬುದರಲ್ಲಿ ಗದ್ದಲವೂ ಸೇರಿರುವುದು. ಸಂತೆಯಲ್ಲಿ ಶಬ್ದವು ಹೆಚ್ಚಿದ ಮಾತ್ರಕ್ಕೆ ಮಾತು ಸ್ಪಷ್ಟವಾಗುವುದುಂಟೇ? ತಟ್ಟೆಯು ಬೇರೊಂದು ಉಪಗ್ರಹದ ಕಡೆಗೆ ತಿರುಗಿದ್ದರೆ ಬಲವು ತುಂಬಿದ್ದರೂ ಗುಣವು ಶೂನ್ಯವಾಗಿರಬಹುದು.

ಚಿತ್ರವೂ ಶಬ್ದವೂ ಸೊನ್ನೆ, ಒಂದು ಎಂಬ ಅಂಕಗಳಾಗಿ 35,786 ಕಿಲೋಮೀಟರು ಎತ್ತರದ ಉಪಗ್ರಹಕ್ಕೇರಿ ಇಳಿಯುತ್ತವೆ. ನಿಪುಣರು ತಮಗೆ ಮೊದಲೇ ತಿಳಿದಿರುವ ಅಂಕಮಾಲೆಯೊಂದನ್ನು ಕಳುಹಿಸಿ, ಬಂದುದನ್ನು ಅದರೊಡನೆ ಹೋಲಿಸಿ, ಹತ್ತು ಲಕ್ಷಕ್ಕೆ ಎಷ್ಟು ತಪ್ಪಿದುವೆಂದು ಎಣಿಸುತ್ತಾರೆ. ಇದೇ ದೋಷಪ್ರಮಾಣವು.

ತಪ್ಪಿದುದನ್ನು ತಿದ್ದುವ ಉಪಾಯವೂ ಉಂಟು. ವೇದಾಧ್ಯಾಯಿಗಳ ಜಟಾಪಾಠವನ್ನು ವಾಚಕರು ಕೇಳಿರಬಹುದು. ಎರಡು ಪದಗಳನ್ನು ಕ್ರಮವಾಗಿ, ಬಳಿಕ ತಿರುಗಿಸಿ, ಪುನಃ ಕ್ರಮವಾಗಿ ಹೇಳುವುದರಿಂದ ಎಲ್ಲಿ ನಾಲಗೆ ತಪ್ಪಿದರೂ ಸಿಕ್ಕಿಬೀಳುತ್ತದೆ. ಇಲ್ಲಿಯೂ ಹಾಗೆಯೇ, ಗಣಿತನಿಯಮದಿಂದ ಕೆಲವು ಅಧಿಕಾಂಕಗಳನ್ನು ಜತೆಗೂಡಿಸಿ ಕಳುಹಿಸುವರು. ಅವುಗಳ ಸಹಾಯದಿಂದ ಪೆಟ್ಟಿಗೆಯು ತಪ್ಪನ್ನು ಹುಡುಕುವುದಲ್ಲದೆ ತಿದ್ದಿಯೂ ಬಿಡುತ್ತದೆ. ಆದರೆ ಆ ಶಕ್ತಿಗೆ ಮಿತಿಯುಂಟು. ಹಳೆಯ ಕಾಲದ ದೂರದರ್ಶನದಲ್ಲಿ ಚಿತ್ರವು ಕ್ರಮಕ್ರಮವಾಗಿ ಮಸುಕಾಗುತ್ತಿದ್ದಿತು. ಈಗಲಾದರೋ ಮಿತಿಯವರೆಗೆ ಸ್ವಚ್ಛವಾಗಿದ್ದು, ಅದನ್ನು ದಾಟಿದೊಡನೆ ಒಮ್ಮೆಗೇ ಒಡೆಯುತ್ತದೆ. ಆದುದರಿಂದ ಕಣ್ಣಿಗೆ ಚಿತ್ರವು ಚೆನ್ನಾಗಿ ಕಂಡಿತೆಂದು ಮಾರ್ಗವು ಚೆನ್ನಾಗಿದೆಯೆನ್ನಲಾಗದು. ತಿದ್ದುವುದಕ್ಕೆ ಮೊದಲು ಎಷ್ಟು ತಪ್ಪುಗಳಿದ್ದುವೆಂಬುದನ್ನೇ ನೋಡತಕ್ಕದ್ದು.

ಮಳೆಯ ಅಪರಾಧವೇನು? ಮನೆಯ ತಟ್ಟೆಗೆ ಬರುವ ತರಂಗಗಳ ಉದ್ದವು ಸುಮಾರು ಎರಡೂವರೆ ಸೆಂಟಿಮೀಟರು. ಇವನ್ನು ಹನಿಗಳು ಹೀರುತ್ತವೆ, ಚದುರಿಸುತ್ತವೆ. ಏಳೂವರೆ ಸೆಂಟಿಮೀಟರಿನ ತರಂಗಗಳಿಗೆ ಈ ಬಾಧೆಯು ಬಹಳ ಕಡಿಮೆ. ಅವುಗಳಿಗೆ ದೊಡ್ಡ ತಟ್ಟೆಯು ಬೇಕು. (ಮಾರ್ಚಿ, ಅಕ್ಟೋಬರು ತಿಂಗಳುಗಳ ಸುಮಾರಿಗೆ ಸೂರ್ಯನು ಉಪಗ್ರಹದ ಹಿಂದೆಯೇ ಬಂದು ಕೆಲವು ದಿನ ಕೆಲವು ನಿಮಿಷ ಗದ್ದಲವೆಬ್ಬಿಸುವುದೂ ಉಂಟು.)

ನಮ್ಮ ಮನೆಯ ಗುಣದ ಪಟ್ಟಿಯು ಬಿಸಿಲಿನಲ್ಲಿಯೂ ಅರ್ಧಕ್ಕೆ ನಿಂತಿದ್ದಿತು. ಕೆಲಸದವನು ಬಂದು ತಟ್ಟೆಯನ್ನು ಒಂದು ಬೆರಳಿನಷ್ಟು ತಿರುಗಿಸಿ ಬಿಗಿದನು, ಪಟ್ಟಿಯು ಮೇಲೇರಿತು. ಅನಂತರ ಸಣ್ಣ ಮಳೆಗೆ ಪಾಠವು ನಿಲ್ಲಲಿಲ್ಲ. ಜಡಿಮಳೆ ಬಂದಾಗ ಮಾತ್ರ ಹೋಗುತ್ತಿದ್ದಿತು. ಆಗ ಆ ಹುಡುಗಿಯು ಪುಸ್ತಕವನ್ನು ತೆರೆದು ತಾನೇ ಲೆಕ್ಕ ಬಿಡಿಸಲು ಕೂರುತ್ತಿದ್ದಳು.