ಬಾವಲಿಗೂ ಒಂದು ಸ್ಟೆತಾಸ್ಕೋಪ್

ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಬರೆದುಕೊಟ್ಟಾಗ, 'ಡಾಕ್ಟ್ರೇ, ಇದರಿಂದ ಮಗುವಿಗೆ ಏನೂ ತೊಂದರೆಯಿಲ್ಲ ತಾನೇ?' ಎಂದು ಕೇಳುವವರು ಈಗಲೂ ಇದ್ದಾರೆ. ಅದು ಎಕ್ಸ್-ರೇ ಅಲ್ಲಮ್ಮ, ನಮ್ಮ ಕಿವಿಗೆ ಕೇಳಿಸದ ಶಬ್ದ ಅಷ್ಟೇ ಎಂದು ನಾನು ಸಮಾಧಾನ ಹೇಳುತ್ತೇನೆ. ಆ ಶಬ್ದ ಮಗುವಿಗೆ ತಾಗಿ ಮರುದನಿಯಾಗಿ ಹಿಂದಿರುಗಿದಾಗ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಮನೆಯ ಸೂರಿನಲ್ಲಿ ಜೋತಾಡುವ ಪುಟ್ಟ ಬಾವಲಿ ಇದೇ ಉಪಾಯವನ್ನು ಕೋಟ್ಯಂತರ ವರ್ಷಗಳಿಂದ ಬಳಸುತ್ತಿದೆ.

ಆ ಕೂಗನ್ನು ಕೇಳಿಯೇ ಬಾವಲಿಗಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯುವ ವಿಧಾನವೊಂದಿದೆ. ದೂರದ ದ್ವೀಪವೊಂದರಲ್ಲಿ ಇದನ್ನು ಬಳಸಿದ ಕಥೆಯಲ್ಲಿ ವೈದ್ಯರಿಗೂ ರೋಗಿಗಳಿಗೂ ಒಂದು ಪಾಠವಿದೆ.

ಕಿವಿಯೇ ಕಣ್ಣು

ಕುರುಡು ಬಾವಲಿಯೂ ಕತ್ತಲಲ್ಲಿ ಸರಾಗವಾಗಿ ಹಾರುವುದನ್ನು ಇಟಲಿಯ ಸ್ಪಲ್ಲಂಝಾನಿ 1790ರ ದಶಕದಲ್ಲೇ ಕಂಡಿದ್ದ. ಕಿವಿ ಮುಚ್ಚಿದರೆ ಮಾತ್ರ ಅದು ಎಡವುತ್ತಿತ್ತು. ಕಾರಣ ತಿಳಿಯಲು ಸುಮಾರು ಒಂದೂವರೆ ಶತಮಾನ ಬೇಕಾಯಿತು. 1938ರಲ್ಲಿ ಅಮೆರಿಕದ ಹಾರ್ವರ್ಡ್ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್, ಭೌತವಿಜ್ಞಾನಿಯೊಬ್ಬರ ಉಪಕರಣದ ಮುಂದೆ ಬಾವಲಿಗಳನ್ನು ಹಿಡಿದಾಗ ಅವುಗಳ ಕೂಗು ಮೊದಲ ಬಾರಿ ಬಯಲಾಯಿತು.

ನಮ್ಮ ಕಿವಿಗೆ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳ ಶಬ್ದ ಕೇಳಿಸುತ್ತದೆ. ಕೀಟ ತಿನ್ನುವ ಬಾವಲಿಗಳ ಕೂಗು ಬಹುಮಟ್ಟಿಗೆ ಅದಕ್ಕಿಂತ ಮೇಲಿನದು. ಹುಳು ಹತ್ತಿರವಾದಂತೆ ಅವು ಸೆಕೆಂಡಿಗೆ ಸುಮಾರು 200 ಬಾರಿಯವರೆಗೂ ಕೂಗಬಲ್ಲವು. ಬಾವಲಿ ಶೋಧಕ ಎಂಬ ಪುಟ್ಟ ಯಂತ್ರ ಆ ಕೂಗನ್ನು ನಮಗೆ ಕೇಳಿಸುವಂತೆ ಮಾಡುತ್ತದೆ, ದಾಖಲಿಸಿಯೂ ಇಡುತ್ತದೆ. ಬಲೆ ಬೇಕಿಲ್ಲ, ಪ್ರಾಣಿಯನ್ನು ಮುಟ್ಟಬೇಕಿಲ್ಲ. ವೈದ್ಯರ ಸ್ಟೆತಾಸ್ಕೋಪಿನಂತೆ ಹೊರಗಿನಿಂದಲೇ ಪರೀಕ್ಷೆ.

ಇದಕ್ಕೊಂದು ಮಿತಿಯೂ ಉಂಟು. ಒಂದೇ ಬಾವಲಿ ಯಂತ್ರದ ಮುಂದೆ ಹತ್ತು ಸಲ ಹಾದರೆ ಹತ್ತು ದಾಖಲೆಗಳಾಗುತ್ತವೆ. ಆದ್ದರಿಂದ ತಲೆ ಎಣಿಕೆ ಸಾಧ್ಯವಿಲ್ಲ. ಆದರೆ ಅದೇ ಜಾಗಗಳಲ್ಲಿ ವರ್ಷ ವರ್ಷವೂ ಕೇಳುತ್ತಾ ಹೋದರೆ ಏರಿಳಿತ ತಿಳಿಯುತ್ತದೆ. ಜ್ವರದ ಚಾರ್ಟಿನಂತೆ ಇಲ್ಲೂ ಒಂದು ಅಂಕಿಗಿಂತ ಅಂಕಿಗಳ ಸಾಲು ಮುಖ್ಯ.

ಕ್ರಿಸ್ಮಸ್ ದ್ವೀಪದ ರೋಗಿ

ಹಿಂದೂ ಮಹಾಸಾಗರದಲ್ಲಿ, ಜಾವಾದಿಂದ ಸುಮಾರು 350 ಕಿ.ಮೀ. ದಕ್ಷಿಣಕ್ಕೆ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್ಮಸ್ ದ್ವೀಪವಿದೆ. ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ಅಲ್ಲಿದ್ದದ್ದು ಎರಡೇ ಬಗೆಯ ಬಾವಲಿ. ಒಂದು, ಹಣ್ಣು ತಿನ್ನುವ ದೊಡ್ಡದು. ಅದು ಮರುದನಿ ನಂಬಿ ಹಾರುವುದಿಲ್ಲ. ಇನ್ನೊಂದು, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪಿಪಿಸ್ಟ್ರೆಲ್. ತೂಕ ಐದು ಗ್ರಾಂ ಕೂಡ ಇಲ್ಲ. ಹೀಗಾಗಿ ಯಂತ್ರದಲ್ಲಿ ಬಾವಲಿಯ ಕೂಗು ಕೇಳಿತೆಂದರೆ ಅದು ಪಿಪಿಸ್ಟ್ರೆಲ್ಲೇ. ರೋಗನಿರ್ಣಯ ಇಷ್ಟು ಸುಲಭವಾಗುವುದು ಅಪರೂಪ.

1980ರ ದಶಕದ ಮಧ್ಯದಲ್ಲಿ ಅದು ದ್ವೀಪದ ತುಂಬ ಹಾರಾಡುತ್ತಿತ್ತು. 1994ರ ಸಮೀಕ್ಷೆಯಲ್ಲಿ ಇಳಿಮುಖ ಕಂಡಿತು. ಮುಂದೆ ಅದು ದ್ವೀಪದ ಪಶ್ಚಿಮ ಭಾಗಕ್ಕಷ್ಟೇ ಸೀಮಿತವಾಯಿತು. 2009ರ ಆರಂಭದಲ್ಲಿ ಉಳಿದಿರುವುದು ಇಪ್ಪತ್ತರ ಆಸುಪಾಸು, ಕೂಡಲೇ ಹಿಡಿದು ಸಾಕಿ ಸಂತಾನ ಬೆಳೆಸಿ ಎಂದು ವಿಜ್ಞಾನಿಗಳು ಎಚ್ಚರಿಸಿದರು. ಹೊರಗಿನಿಂದ ಬಂದ ಹಾವು, ಹಳದಿ ಇರುವೆ, ಬೆಕ್ಕು, ಇಲಿ ಎಲ್ಲವುಗಳ ಮೇಲೂ ಗುಮಾನಿಯಿತ್ತು. ಖಚಿತ ಕಾರಣ ಕೊನೆಗೂ ಸಿಗಲಿಲ್ಲ.

ಸರ್ಕಾರದ ಒಪ್ಪಿಗೆ ಸಿಕ್ಕಿದ್ದು ಜುಲೈನಲ್ಲಿ. ಆಗಸ್ಟಿನಲ್ಲಿ ತಂಡ ಬಲೆ, ಯಂತ್ರಗಳೊಡನೆ ಕಾಡು ಹೊಕ್ಕಿತು. ಕೇಳಿಸಿದ್ದು ಒಂದೇ ಒಂದು ಬಾವಲಿ. ಅದು ಬಲೆಗೆ ಸಿಗಲಿಲ್ಲ. 2009ರ ಆಗಸ್ಟ್ 26ರ ರಾತ್ರಿ ಅದರ ಕೂಗು ದಾಖಲಾಯಿತು. ಮರುದಿನದಿಂದ ಯಂತ್ರ ಮೌನ. 2017ರಲ್ಲಿ ಈ ಜೀವಿ ಅಳಿದುಹೋಗಿದೆ ಎಂದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಘೋಷಿಸಿತು.

ಬಿ.ಪಿ. ಏರುತ್ತಿದೆ, ಮಾತ್ರೆ ಶುರುಮಾಡೋಣ ಎಂದರೆ 'ಹಬ್ಬ ಮುಗೀಲಿ ಡಾಕ್ಟ್ರೇ' ಎನ್ನುವವರನ್ನು ನಾನು ದಿನವೂ ನೋಡುತ್ತೇನೆ. ಈ ಬಾವಲಿಯ ವಿಷಯದಲ್ಲೂ ಪರೀಕ್ಷೆ ತಪ್ಪಲಿಲ್ಲ, ಚಿಕಿತ್ಸೆ ತಡವಾಯಿತು.

ನಮ್ಮ ನೆಲದ ದ್ವೀಪ

ದ್ವೀಪಕ್ಕೆ ಸುತ್ತಲೂ ಸಮುದ್ರವೇ ಇರಬೇಕೆಂದಿಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದಷ್ಟೇ 'ಕೋಲಾರ ಎಲೆಮೂಗಿನ ಬಾವಲಿ'ಯ ತಿಳಿದಿರುವ ನೆಲೆ. ಅದು ಅತೀವ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಕಲ್ಲು ಗಣಿಗಾರಿಕೆ ಅದಕ್ಕೆ ಮುಖ್ಯ ಕಂಟಕ. ಇಂಥ ಕಡೆ ಕಿವಿಗೊಟ್ಟು ಕೇಳುವುದೂ, ಕೇಳಿದ್ದಕ್ಕೆ ಕೂಡಲೇ ಸ್ಪಂದಿಸುವುದೂ ಎರಡೂ ಬೇಕು.

ಓದುಗರು ಗಮನಿಸಿ

* ಕೀಟ ತಿನ್ನುವ ಬಾವಲಿಗಳು ಸೊಳ್ಳೆ, ಬೆಳೆಯ ಹುಳುಗಳನ್ನು ತಿಂದು ಉಪಕಾರ ಮಾಡುತ್ತವೆ. ಹೊಗೆ ಹಾಕಿ ಕೊಲ್ಲಬೇಡಿ.

* ಕೆಳಗೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳಿಗೂ ತಿಳಿಹೇಳಿ.

* ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸೋಪು, ನೀರಿನಿಂದ ತೊಳೆದು ಅಂದೇ ವೈದ್ಯರನ್ನು ಕಾಣಿ. ರೇಬೀಸ್ ತಡೆಯುವ ಚುಚ್ಚುಮದ್ದು ಬೇಕಾಗಬಹುದು.

* ನಿಫಾ ವೈರಸ್ಸಿನ ಸಹಜ ಆಶ್ರಯ ಹಣ್ಣು ತಿನ್ನುವ ದೊಡ್ಡ ಬಾವಲಿಗಳು. ಕಚ್ಚಿದ ಗುರುತಿರುವ ಹಣ್ಣನ್ನು ಎಸೆಯಿರಿ. ಉಳಿದವನ್ನು ತೊಳೆದು, ಸಿಪ್ಪೆ ತೆಗೆದು ತಿನ್ನಿ.

ಮುಸ್ಸಂಜೆಯಲ್ಲಿ ಮನೆಯ ಸುತ್ತ ಪುಟ್ಟ ಬಾವಲಿಗಳು ಸುಳಿದಾಡಿದರೆ ಹೆದರಬೇಡಿ. ಅವು ಊಟಕ್ಕೆ ಹೊರಟಿವೆ, ನಿಮ್ಮ ತಂಟೆಗಲ್ಲ.