ಮುಗಿಯದ ಆಟ ಮುಗಿದಾಗ

ಆಟವೆಂದ ಮೇಲೆ ಅದಕ್ಕೊಂದು ಕೊನೆ ಇರಲೇಬೇಕು. ಚದುರಂಗದಲ್ಲಿ ಅರಸನಿಗೆ ಎಡೆ ಇಲ್ಲದಂತಾದರೆ ಆಟ ಮುಗಿಯಿತು. ಚನ್ನೆಮಣೆಯಲ್ಲಿ ಗುಳಿಗಳು ಬರಿದಾದರೆ ಮುಗಿಯಿತು. ಪಗಡೆಯಲ್ಲಿ ಕಾಯಿಗಳೆಲ್ಲ ಹಣ್ಣಾದರೆ ಮುಗಿಯಿತು. ಸೋಲೋ ಗೆಲುವೋ, ಆಡಿದವರು ಹಾಸನ್ನು ಮಡಿಸಿಟ್ಟು ಏಳುವ ಗಳಿಗೆಯೊಂದು ಬಂದೇ ಬರುತ್ತದೆ. ಆದರೆ ಗೆಲುವೆಂಬುದೇ ಇಲ್ಲದ, ಸೋಲನ್ನು ಮುಂದೂಡುವುದಷ್ಟೇ ಸಾಧ್ಯವಾದ ಆಟವೊಂದುಂಟು. ಅದರ ಹೆಸರು ಟೆಟ್ರಿಸ್.

ಜಪಾನಿನ ನಿಂಟೆಂಡೊ ಸಂಸ್ಥೆ ೧೯೮೯ರಲ್ಲಿ ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರಕ್ಕಾಗಿ ಈ ಆಟದ ಒಂದು ರೂಪವನ್ನು ಹೊರತಂದಿತು. ಮೂವತ್ತನಾಲ್ಕು ವರ್ಷಗಳ ಕಾಲ ಅದನ್ನು ಆಡಿದವರೆಲ್ಲ ಕೊನೆಗೆ ಸೋತೇ ಎದ್ದರು. ೨೦೨೩ರ ಡಿಸೆಂಬರ್ ೨೧ರಂದು, ಅಮೆರಿಕದ ಒಕ್ಲಹೋಮ ಸಂಸ್ಥಾನದ ಸ್ಟಿಲ್‌ವಾಟರ್ ಎಂಬ ಊರಿನಲ್ಲಿ, ವಿಲ್ಲಿಸ್ ಗಿಬ್ಸನ್ ಎಂಬ ೧೩ ವರ್ಷದ ಬಾಲಕನ ಮುಂದೆ ಮಾತ್ರ ಆಟಗಾರನ ಬದಲು ಆಟವೇ ಸೋತು ನಿಂತಿತು. ಅದನ್ನು ಹಾಗೆ ನಿಲ್ಲಿಸಿದ ಶಕ್ತಿಯಾದರೂ ಯಾವುದು? ಯಾರೂ ಬಯಸದೆ, ಯಾರ ಕಣ್ಣಿಗೂ ಬೀಳದೆ ಯಂತ್ರದ ಲೆಕ್ಕದೊಳಗೆ ಉಳಿದುಹೋಗಿದ್ದ ಒಂದು ಸಣ್ಣ ತಪ್ಪು!

ಮಾಸ್ಕೋದ ಬಿಲ್ಲೆಗಳು

ಟೆಟ್ರಿಸ್ ಹುಟ್ಟಿದ್ದು ೧೯೮೪ರಲ್ಲಿ, ಮಾಸ್ಕೋ ನಗರದಲ್ಲಿ. ಅಲೆಕ್ಸಿ ಪಜಿತ್ನೊವ್ ಆಗ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸದಲ್ಲಿದ್ದ ತರುಣ. ಐದೈದು ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ ಮಾಡಿದ ಹನ್ನೆರಡು ಬಿಲ್ಲೆಗಳನ್ನು ಪೆಟ್ಟಿಗೆಯೊಳಗೆ ಸಂದಿಲ್ಲದಂತೆ ಜೋಡಿಸುವ ಒಗಟೊಂದು ಅವರಿಗೆ ಬಲು ಪ್ರಿಯವಾಗಿತ್ತು. ಐದನ್ನು ನಾಲ್ಕಕ್ಕೆ ಇಳಿಸಿದರೆ ಬಿಲ್ಲೆಗಳು ಏಳೇ ಆಗುತ್ತವೆ; ಏಳಾದರೆ ಎಂಥವರ ಮನಸ್ಸಿನಲ್ಲೂ ನಿಲ್ಲುತ್ತವೆ. ಈ ಏಳು ಬಿಲ್ಲೆಗಳು ಒಂದೊಂದಾಗಿ ಮೇಲಿನಿಂದ ಬೀಳುತ್ತಿದ್ದರೆ ಹೇಗೆ ಎಂದು ಅವರು ಯೋಚಿಸಿದರು. ಅವರ ಮುಂದಿದ್ದ 'ಎಲೆಕ್ಟ್ರೋನಿಕಾ ೬೦' ಎಂಬ ಯಂತ್ರಕ್ಕೆ ಚಿತ್ರ ಬರೆಯಲು ಬಾರದು. ಅಕ್ಷರಗಳನ್ನು ಮೂಡಿಸುವುದಷ್ಟೇ ಅದಕ್ಕೆ ಗೊತ್ತು. ಪಜಿತ್ನೊವ್ ಆವರಣ ಚಿಹ್ನೆಗಳನ್ನೇ ಪಕ್ಕಪಕ್ಕಕ್ಕೆ ಇಟ್ಟು ಚೌಕಗಳೆನಿಸಿದರು. ನಾಲ್ಕು ಎಂಬರ್ಥದ ಗ್ರೀಕ್ ಪದವನ್ನೂ ತಮಗೆ ಮೆಚ್ಚಿನ ಟೆನಿಸ್ ಆಟದ ಹೆಸರನ್ನೂ ಬೆಸೆದು ಟೆಟ್ರಿಸ್ ಎಂದು ಕರೆದರು.

ಗೆಳೆಯರು ಕೂಡಿ ಅದನ್ನು ಐ.ಬಿ.ಎಂ. ಮಾದರಿಯ ಕಂಪ್ಯೂಟರಿಗೆ ಇಳಿಸಿದ ಮೇಲೆ ಆಟ ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತ ದೇಶದ ಗಡಿಯನ್ನೂ ದಾಟಿತು. ಅದರ ಹಕ್ಕಿಗಾಗಿ ಪಾಶ್ಚಾತ್ಯ ಸಂಸ್ಥೆಗಳು ಮಾಸ್ಕೋದ ಬಾಗಿಲು ತಟ್ಟಿದವು. ಹಕ್ಕು ಸೋವಿಯತ್ ಸರ್ಕಾರದ ಸಂಸ್ಥೆಯ ಕೈಯಲ್ಲಿತ್ತಾಗಿ, ಲಕ್ಷಾಂತರ ಜನ ಕೊಂಡು ಆಡಿದ ಆಟದ ಲಾಭದಲ್ಲಿ ಅದನ್ನು ಕಂಡುಹಿಡಿದವರಿಗೆ ಬಹುಕಾಲ ಪಾಲು ದೊರೆಯಲಿಲ್ಲ. ೧೯೯೬ರಲ್ಲಿ ಹೆಂಕ್ ರಾಜರ್ಸ್ ಅವರೊಡನೆ ತಮ್ಮದೇ ಕಂಪನಿಯನ್ನು ಕಟ್ಟಿದ ಮೇಲೆಯೇ ಪಜಿತ್ನೊವ್ ಅವರಿಗೆ ನ್ಯಾಯವಾದ ಗೌರವಧನ ಬರತೊಡಗಿತು.

ಇಪ್ಪತ್ತೊಂಬತ್ತನೆಯ ಮೆಟ್ಟಿಲು

ಆಟದ ನಿಯಮವನ್ನು ಮಗುವಿಗೂ ಒಂದು ಮಾತಿನಲ್ಲಿ ಹೇಳಬಹುದು. ೧೦ ಮನೆ ಅಗಲ, ೨೦ ಮನೆ ಎತ್ತರದ ಒಂದು ಬಾವಿ. ಅದರೊಳಗೆ ಬೀಳುವ ಬಿಲ್ಲೆಗಳನ್ನು ತಿರುಗಿಸಿ, ಅತ್ತಿತ್ತ ಸರಿಸಿ ಜೋಡಿಸಬೇಕು. ಒಂದು ಸಾಲು ಪೂರ್ತಿ ತುಂಬಿದರೆ ಅದು ಮಾಯವಾಗುತ್ತದೆ. ತುಂಬದ ಸಾಲುಗಳು ಬೆಳೆಬೆಳೆದು ಬಾವಿಯ ಬಾಯಿ ಮುಟ್ಟಿದರೆ ಆಟಗಾರ ಸೋತ. ಆರಂಭದ ಹಂತ ಕಳೆದ ಮೇಲೆ ೧೦ ಸಾಲು ಅಳಿಸಿದಾಗಲೊಮ್ಮೆ ಹಂತ ಒಂದೊಂದಾಗಿ ಏರುತ್ತದೆ; ಹಂತ ಏರಿದಂತೆ ಬಿಲ್ಲೆಗಳ ವೇಗವೂ ಏರುತ್ತ ಹೋಗುತ್ತದೆ.

ಸೊನ್ನೆಯ ಹಂತದಲ್ಲಿ ಬಿಲ್ಲೆ ತಳ ಮುಟ್ಟಲು ಸುಮಾರು ೧೬ ಸೆಕೆಂಡು ಹಿಡಿಯುತ್ತದೆ. ೨೯ನೆಯ ಹಂತದಲ್ಲಾದರೋ ಸೆಕೆಂಡಿನ ಮೂರರಲ್ಲೊಂದು ಭಾಗ ಸಾಕು. ಗುಂಡಿಯನ್ನು ಒತ್ತಿ ಹಿಡಿದರೆ ಬಿಲ್ಲೆ ಪಕ್ಕಕ್ಕೆ ಸರಿಯುವುದು ಸೆಕೆಂಡಿಗೆ ಸುಮಾರು ೧೦ ಮನೆ ಮಾತ್ರ. ಅಂದರೆ ನಡುವಿನಿಂದ ಹೊರಟ ಬಿಲ್ಲೆ ಗೋಡೆಯನ್ನು ತಲುಪುವ ಮೊದಲೇ ನೆಲಕ್ಕೆ ಬಿದ್ದಿರುತ್ತದೆ. ಆದ್ದರಿಂದ ಇಪ್ಪತ್ತೊಂಬತ್ತೇ ಆಟದ ಮರಣದ ಬಾಗಿಲು, ಅದರಾಚೆ ಮನುಷ್ಯಮಾತ್ರರಿಗೆ ಪ್ರವೇಶವಿಲ್ಲ ಎಂದು ಆಟಗಾರರೆಲ್ಲ ನಂಬಿದ್ದರು. ಆಟವನ್ನು ರಚಿಸಿದವರ ಎಣಿಕೆಯೂ ಅಲ್ಲಿಗೇ ನಿಂತಿತ್ತೆನ್ನಲು ಸಾಕ್ಷಿ ಆಟದೊಳಗೇ ಇದೆ: ತೆರೆಯ ಮೇಲೆ ಹಂತದ ಸಂಖ್ಯೆಯನ್ನು ತೋರಿಸುವ ಪಟ್ಟಿ ೨೯ಕ್ಕೆ ಮುಗಿಯುತ್ತದೆ. ಅದರಾಚೆಗೆ ಕಾಣುವುದು ಅರ್ಥವಿಲ್ಲದ ಅಂಕಿ ಅಕ್ಷರಗಳು.

ಆದರೆ ಎಲ್ಲೆಯಿದ್ದುದು ಆಟದಲ್ಲಲ್ಲ, ಬೆರಳಿನಲ್ಲಿ. ಗುಂಡಿಯನ್ನು ಒತ್ತಿ ಹಿಡಿಯುವ ಬದಲು ಹೆಬ್ಬೆರಳನ್ನು ನಡುಗಿಸಿ ಮತ್ತೆ ಮತ್ತೆ ಬಡಿದರೆ ಬಿಲ್ಲೆ ಇನ್ನೂ ಬೇಗ ಸರಿಯುವುದೆಂದು ಥಾರ್ ಆಕರ್‌ಲಂಡ್ ಎಂಬ ಹಳೆಯ ಆಟಗಾರರು ತೋರಿಸಿ, ೩೦ನೆಯ ಹಂತದಲ್ಲಿ ಕಾಲಿಟ್ಟರು. ೨೦೧೮ರಲ್ಲಿ ಪೋರ್ಟ್‌ಲಂಡ್ ನಗರದ ವಿಶ್ವಸ್ಪರ್ಧೆಯಲ್ಲಿ ಜೋಸೆಫ್ ಸೇಲೀ ಎಂಬ ೧೬ ವರ್ಷದ ಹುಡುಗ ಇದೇ ವಿದ್ಯೆಯಿಂದ, ಏಳು ಬಾರಿ ಪ್ರಶಸ್ತಿ ಗೆದ್ದಿದ್ದ ಜೋನಸ್ ನ್ಯೂಬಾವರ್ ಅವರನ್ನು ಸೋಲಿಸಿದ. ಬಳಿಕ ಕೆಲವು ತರುಣರು ಮತ್ತೂ ವಿಚಿತ್ರವಾದ ಉಪಾಯವನ್ನು ಹೂಡಿದರು. ಒಂದು ಕೈಯ ಬೆರಳನ್ನು ಗುಂಡಿಯ ಮೇಲೆ ಸುಮ್ಮನೆ ಇಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಆ ಸಾಧನದ ಬೆನ್ನನ್ನು, ಮೃದಂಗದ ಮೇಲೆ ಬೆರಳಾಡಿಸುವಂತೆ, ಒಂದರ ಹಿಂದೊಂದಾಗಿ ನುಡಿಸುವುದು! ಗುಂಡಿ ಬೆರಳಿಗೆ ಬಡಿಯುತ್ತದೆಯೇ ಹೊರತು ಬೆರಳು ಗುಂಡಿಗಲ್ಲ. ಈ ಉಪಾಯ ಕೈಗೂಡಿದೊಡನೆ ಮರಣದ ಬಾಗಿಲು ತೆರೆದುಹೋಯಿತು. ವೇಗವೋ ೨೯ರ ಮೇಲೆ ಏರುವುದಿಲ್ಲ. ಹಾಗಾದರೆ ಇನ್ನು ಕೊನೆ ಎಲ್ಲಿ?

ಮಗ್ಗಿ ಬಾರದ ಗುಮಾಸ್ತ

ಕೊನೆ ಎಲ್ಲಿದೆಯೆಂಬುದನ್ನು ಹುಡುಕಿದವರು ಆಟದ ಒಳಗಿನ ಆಜ್ಞೆಗಳನ್ನು ಬಿಡಿಸಿ ಓದಬಲ್ಲ ಹವ್ಯಾಸಿಗಳು. ಅವರು ಕಂಡ ಮರ್ಮವನ್ನು ಒಂದು ಉಪಮೆಯಿಂದ ವಿವರಿಸಬಹುದು.

ಆ ಯಂತ್ರದ ಮಿದುಳಾದ ಚಿಪ್ಪನ್ನು ಕಚೇರಿಯೊಂದರ ಒಬ್ಬನೇ ಗುಮಾಸ್ತನೆಂದು ಭಾವಿಸೋಣ. ಅವನು ಚುರುಕು, ಪ್ರಾಮಾಣಿಕ. ಆದರೆ ಮಗ್ಗಿ ಬಾರದು. ಗುಣಿಸುವ ಆಜ್ಞೆಯೇ ಆ ಚಿಪ್ಪಿನಲ್ಲಿಲ್ಲ. ಗುಣಿಸಬೇಕಾದಲ್ಲಿ ಅದು ಮತ್ತೆ ಮತ್ತೆ ಕೂಡುತ್ತದೆ. ಆಟದ ನಿಯಮದಂತೆ ಒಂದು ಸಾಲು ಅಳಿಸಿದರೆ ೪೦ ಅಂಕ. ಅದನ್ನು ಹಂತದ ಸಂಖ್ಯೆಗೆ ಒಂದು ಕೂಡಿಸಿ ಗುಣಿಸಬೇಕು. ಸೊನ್ನೆಯ ಹಂತದಲ್ಲಿ ಗುಮಾಸ್ತ ೪೦ನ್ನು ಒಮ್ಮೆ ಬರೆದರೆ ಕೆಲಸ ತೀರಿತು. ೧೫೭ನೆಯ ಹಂತದಲ್ಲಿ ಅದೇ ೪೦ನ್ನು ೧೫೮ ಬಾರಿ ಒಂದರ ಕೆಳಗೊಂದು ಇಟ್ಟು ಕೂಡಬೇಕು!

ಕಚೇರಿಯಲ್ಲಿ ಸೆಕೆಂಡಿಗೆ ೬೦ ಬಾರಿ ಗಂಟೆ ಬಾರಿಸುತ್ತದೆ. ಗಂಟೆ ಕೇಳಿದೊಡನೆ ಗುಮಾಸ್ತ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು, ಟೆಲಿವಿಷನ್ ತೆರೆಯ ಚಿತ್ರವನ್ನು ಹೊಸದಾಗಿ ಬರೆಯಬೇಕು. ಇದು ತಪ್ಪಿಸಲಾಗದ ಕಟ್ಟಳೆ. ಕೆಳಗಿನ ಹಂತಗಳಲ್ಲಿ ಎರಡು ಗಂಟೆಗಳ ನಡುವೆ ಲೆಕ್ಕವೆಲ್ಲ ಮುಗಿದು ಬಿಡುವೂ ಉಳಿಯುತ್ತದೆ. ೧೫೫ನೆಯ ಹಂತದ ಹೊತ್ತಿಗೆ ಕೂಡುವ ಕೆಲಸ ಎಷ್ಟು ಬೆಳೆದಿರುತ್ತದೆಂದರೆ, ಕೆಲವೊಮ್ಮೆ ಲೆಕ್ಕ ತೀರುವ ಮೊದಲೇ ಗಂಟೆ ಬಾರಿಸಿಬಿಡುತ್ತದೆ. ಅದರಿಂದಲೂ ಸದಾ ಅಪಾಯವಿಲ್ಲ. ಆದರೆ ಗುಮಾಸ್ತನ ಬಳಿ ಇರುವುದು ಒಂದೇ ಸ್ಲೇಟು. 'ಇದಾದ ಮೇಲೆ ಇಂಥ ಕೋಣೆಗೆ ಹೋಗು' ಎಂದು ತನಗೆ ತಾನೇ ಗುರುತು ಹಾಕಿಕೊಳ್ಳುವುದೂ ಅದರ ಮೇಲೆಯೇ. ಚಿತ್ರ ಬರೆಯುವಾಗಿನ ಗುರುತುಗಳಿಗೂ ಅದೇ. ಗುರುತು ಹಾಕಿ ಹೆಜ್ಜೆ ಎತ್ತುವ ಆ ಒಂದು ಕ್ಷಣದಲ್ಲೇ ಗಂಟೆ ಬಾರಿಸಿದರೆ ಹಳೆಯ ಗುರುತು ಅಳಿಸಿಹೋಗಿ ಬೇರೆಯದು ಕೂತಿರುತ್ತದೆ. ಚಿತ್ರ ಮುಗಿಸಿ ಮರಳಿದ ಗುಮಾಸ್ತ ಸ್ಲೇಟನ್ನು ಓದಿ, ಅದು ಹೇಳಿದ ಕೋಣೆಗೆ ಶ್ರದ್ಧೆಯಿಂದ ನಡೆಯುತ್ತಾನೆ. ಅಲ್ಲಿ ಮಾಡಬೇಕಾದ ಕೆಲಸವೇ ಇಲ್ಲ. ಹಿಂದಿರುಗುವ ದಾರಿಯೂ ಇಲ್ಲ. ಕಚೇರಿ ಸ್ತಬ್ಧವಾಗುತ್ತದೆ. ತೆರೆಯ ಮೇಲಿನ ಬಿಲ್ಲೆಗಳು ಇದ್ದಲ್ಲೇ ಕಲ್ಲಾಗುತ್ತವೆ.

ಬಣ್ಣಗೆಟ್ಟ ಬಾವಿ

ಅಷ್ಟು ದೂರ ಹೋಗುವ ಮುನ್ನ ಆಟಗಾರ ಇನ್ನೊಂದು ತಪ್ಪನ್ನು ದಾಟಬೇಕು. ಬಿಲ್ಲೆಗಳಿಗೆ ಹತ್ತು ಬಗೆಯ ಬಣ್ಣದ ಜೋಡಿಗಳಿವೆ. ಹಂತದ ಸಂಖ್ಯೆಯಿಂದ ಹತ್ತು ಹತ್ತಾಗಿ ಕಳೆದು ಉಳಿದ ಅಂಕಿಯಿಂದ ಯಂತ್ರ ಬಣ್ಣವನ್ನು ಆರಿಸುತ್ತದೆ. ಆದರೆ ಈ ಕಳೆಯುವಿಕೆಯಲ್ಲಿ ಅದು ೧೨೮ ಮತ್ತು ಅದರ ಮೇಲಿನ ಸಂಖ್ಯೆಗಳನ್ನು ಋಣಸಂಖ್ಯೆಗಳೆಂದು ತಿಳಿಯುತ್ತದೆ. ೧೩೮ರಿಂದ ೧೦ ಕಳೆದರೆ ೧೨೮. ಅಲ್ಲಿ ಯಂತ್ರ ದಿಕ್ಕು ತಪ್ಪಿ, ಬಣ್ಣದ ಪಟ್ಟಿಯನ್ನು ಬಿಟ್ಟು ಸ್ಮೃತಿಯ ಬೇರೆಲ್ಲೋ ಇರುವ ಅಂಕಿಗಳನ್ನೇ ಬಣ್ಣಗಳೆಂದು ಓದತೊಡಗುತ್ತದೆ. ೧೩೮ರಿಂದಾಚೆಗೆ ಯಾವ ಕಲಾವಿದನೂ ಆರಿಸದ ಬಣ್ಣಗಳು ಬರುತ್ತವೆ. ೧೪೮ನೆಯ ಹಂತದ ಬಿಲ್ಲೆಗಳಂತೂ ಕಪ್ಪು ನೆಲದ ಮೇಲೆ ಇದ್ದಿಲಿನಂತೆ ಕಂಡೂ ಕಾಣದಂತಿರುತ್ತವೆ. ಸೆಕೆಂಡಿನ ಮೂರರಲ್ಲೊಂದು ಭಾಗದಲ್ಲಿ ಬೀಳುವುದನ್ನು ಕತ್ತಲಲ್ಲಿ ಗುರುತಿಸಿ ಜೋಡಿಸಬೇಕು!

ವಿಲ್ಲಿಸ್ ಗಿಬ್ಸನ್ ಇದೆಲ್ಲವನ್ನೂ ಬಲ್ಲವನಾಗಿಯೇ ಆಡಲು ಕುಳಿತಿದ್ದ. ೧೮ನೆಯ ಹಂತದಿಂದ ಹೊರಟು, ಬಣ್ಣಗೆಟ್ಟ ಹಂತಗಳನ್ನೂ ಕಳೆದು, ೧೫೫ಕ್ಕೆ ಬಂದ. ಅಲ್ಲಿ ಒದಗಬಹುದಾಗಿದ್ದ ಅವಕಾಶ ಕೈತಪ್ಪಿತು. ಆಟ ನಿಲ್ಲದೆ ಮುಂದೆ ಸಾಗಿತು. ೧೫೭ನೆಯ ಹಂತದಲ್ಲಿ, ಒಟ್ಟು ೧,೫೧೧ನೆಯದಾದ ಒಂದೇ ಒಂದು ಸಾಲನ್ನು ಅಳಿಸಿದೊಡನೆ ತೆರೆ ನಿಶ್ಚಲವಾಯಿತು. ಆಟ ಆರಂಭವಾಗಿ ಸುಮಾರು ೩೮ ನಿಮಿಷಗಳಾಗಿದ್ದವು. ಅಂಕದ ಜಾಗದಲ್ಲಿ ಆರು ಒಂಬತ್ತುಗಳು ಬಹಳ ಹಿಂದೆಯೇ ಸಾಲಾಗಿ ನಿಂತುಬಿಟ್ಟಿದ್ದವು; ಏಳನೆಯ ಅಂಕಿಗೆ ಅಲ್ಲಿ ಸ್ಥಳವಿಲ್ಲ. ಅವನ ನಿಜವಾದ ಗಳಿಕೆ ೬೮,೫೦,೫೬೦. ಬಾಲಕ ತನ್ನ ಬೆರಳುಗಳ ಅರಿವೇ ತನಗಿಲ್ಲವೆಂದು ತೊದಲಿದ. ಅದೇ ತಿಂಗಳು ಅವನ ತಂದೆ ತೀರಿಕೊಂಡಿದ್ದರು. ಈ ಸಾಧನೆಯನ್ನು ಅವನು ಅವರಿಗೆ ಅರ್ಪಿಸಿದ.

ಇದರಿಂದ ಬಂದದ್ದೇನು?

ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಬ್ರಿಟನ್ನಿನ ವಾರ್ತಾವಾಚಕಿಯೊಬ್ಬರು, ಹುಡುಗ ಹೊರಗೆ ಹೋಗಿ ಗಾಳಿ ಕುಡಿಯಲಿ, ಟೆಟ್ರಿಸ್ ಗೆಲ್ಲುವುದು ಬಾಳಿನ ಗುರಿಯಲ್ಲ ಎಂಬ ಧಾಟಿಯಲ್ಲಿ ಮಾತನಾಡಿದರು. ಅನೇಕರು ಅದಕ್ಕೆ ಮುನಿದರು. ಮಕ್ಕಳಿರುವ ಯಾವ ಮನೆಯಲ್ಲೂ ಈ ಎರಡು ಪಕ್ಷಗಳು ಇದ್ದೇ ಇರುತ್ತವೆ. ಗಂಟೆಗಟ್ಟಲೆ ತೆರೆಯ ಮುಂದೆ ಕೂರುವ ಮಗನನ್ನು ಕಂಡು ತಾಯಿ ಕಳವಳಪಡುವುದು ಸಹಜ. ಆ ಕಳವಳ ಅಕಾರಣವೂ ಅಲ್ಲ. ಆದರೆ ವೀಣೆಯ ಮುಂದೆ ಕುಳಿತು ಒಂದೇ ವರಸೆಯನ್ನು ನೂರು ಬಾರಿ ನುಡಿಸುವ ಮಗಳನ್ನು ನಾವು ಸಾಧಕಿಯೆನ್ನುತ್ತೇವಲ್ಲವೆ? ಬೆರಳನ್ನು ಪಳಗಿಸಿ, ಕಣ್ಣನ್ನು ತಿದ್ದಿ, ಹಿರಿಯರು ಅಸಾಧ್ಯವೆಂದು ಬಿಟ್ಟಿದ್ದ ಎಲ್ಲೆಯನ್ನು ದಾಟುವ ಛಲ ಎರಡರಲ್ಲೂ ಒಂದೇ ಜಾತಿಯದು. ಯಾವುದಕ್ಕಾಗಿ ಆ ಛಲ ಎಂಬುದನ್ನು ಮನೆಯವರು ಕೇಳಬಹುದು. ಛಲವೇ ಇಲ್ಲವೆಂದು ಹೇಳಲಾಗದು.

ಕತೆ ಅಲ್ಲಿಗೂ ನಿಲ್ಲಲಿಲ್ಲ. ಹಂತದ ಸಂಖ್ಯೆಯನ್ನು ಯಂತ್ರ ಇಟ್ಟುಕೊಳ್ಳುವ ಕೋಶದಲ್ಲಿ ೦ಯಿಂದ ೨೫೫ರವರೆಗಿನ ಸಂಖ್ಯೆಗಳಿಗಷ್ಟೇ ಎಡೆಯುಂಟು. ಹಾಗಾದರೆ ೨೫೫ರ ಮುಂದೇನು? ೨೦೨೪ರ ಅಕ್ಟೋಬರಿನಲ್ಲಿ, ಟೆಕ್ಸಾಸ್ ಸಂಸ್ಥಾನದ ೧೬ ವರ್ಷದ ಮೈಕೆಲ್ ಆರ್ಟಿಯಾಗ, ಸ್ತಬ್ಧವಾಗುವ ದೋಷವನ್ನು ತಿದ್ದಿದ ಪ್ರತಿಯೊಂದರಲ್ಲಿ ಆಡಿ ಇದಕ್ಕೆ ಉತ್ತರ ಕಂಡ. ದಾರಿಯಲ್ಲಿ ೨೩೫ನೆಯ ಹಂತ ಮತ್ತೊಂದು ಲೆಕ್ಕದ ತಪ್ಪಿನಿಂದಾಗಿ ೧೦ ಸಾಲುಗಳಿಗೆ ಬದಲು ೮೧೦ ಸಾಲುಗಳನ್ನು ಬೇಡುತ್ತದೆ. ಅದನ್ನೂ ಸಹಿಸಿ ೨೫೫ನ್ನು ದಾಟಿದಾಗ, ಹಳೆಯ ಮೋಟಾರಿನ ಮೈಲಿ ಎಣಿಸುವ ಚಕ್ರ ಒಂಬತ್ತುಗಳಿಂದ ಸೊನ್ನೆಗಳಿಗೆ ಉರುಳುವಂತೆ, ಹಂತ ಮರಳಿ ಸೊನ್ನೆಯಾಯಿತು. ಮಿಂಚಿನಂತೆ ಎರಗುತ್ತಿದ್ದ ಬಿಲ್ಲೆಗಳು ಒಮ್ಮೆಲೇ ಮೆಲ್ಲಮೆಲ್ಲನೆ ಇಳಿಯತೊಡಗಿದವು. ಆಟಗಾರರು ಇದನ್ನು ಪುನರ್ಜನ್ಮವೆಂದು ಕರೆದರು.

೧೯೮೯ರಲ್ಲಿ ಆ ಆಜ್ಞೆಗಳನ್ನು ಬರೆದವರಿಗೆ ಗುಮಾಸ್ತನ ಸ್ಲೇಟಿನ ಚಿಂತೆ ಇರಬೇಕಾದ ಕಾರಣವಿರಲಿಲ್ಲ. ಅಲ್ಲಿಯವರೆಗೆ ಬರುವವರಾದರೂ ಯಾರು? ಅವರ ಲೆಕ್ಕ ತಪ್ಪಿದ್ದು ಯಂತ್ರದ ವಿಷಯದಲ್ಲಿ ಎಷ್ಟೋ ಅಷ್ಟೇ ಮಕ್ಕಳ ವಿಷಯದಲ್ಲಿಯೂ. ಅವರು ಹಾಕಿದ ಆಜ್ಞೆಗಳಲ್ಲಿ ಗೆಲುವಿಗೆ ಜಾಗವಿರಲಿಲ್ಲ. ಅವರ ಕೈತಪ್ಪೇ ಮೂವತ್ತನಾಲ್ಕು ವರ್ಷಗಳ ಬಳಿಕ ಒಬ್ಬ ಬಾಲಕನಿಗೆ ಗೆಲುವಿನ ಗೆರೆಯಾಗಿ ಒದಗಿಬಂದಿತು.