ಒಡಲೊಳಗಿನ ಮಿಸುಕಾಟ

ಗರ್ಭಿಣಿಯನ್ನು ಪರೀಕ್ಷಿಸಲು ವೈದ್ಯರ ಬಳಿ ಹಲವು ಸಾಧನಗಳಿವೆ. ರಕ್ತದ ಒತ್ತಡವನ್ನು ಅಳೆಯುವ ಯಂತ್ರವಿದೆ, ಮಗುವಿನ ಎದೆಬಡಿತವನ್ನು ಆಲಿಸುವ ನಳಿಕೆಯಿದೆ, ಒಳಗಿನ ಚಿತ್ರವನ್ನು ಹೊರಗೆ ತೋರಿಸುವ ಸ್ಕ್ಯಾನಿಂಗ್ ಇದೆ. ಆದರೆ ಇವೆಲ್ಲ ತಿಂಗಳಿಗೋ ಹದಿನೈದು ದಿನಕ್ಕೋ ಒಮ್ಮೆ ನಡೆಯುವ ಪರೀಕ್ಷೆಗಳು. ಮಿಕ್ಕ ದಿನಗಳಲ್ಲಿ, ಹಗಲೂ ಇರುಳೂ, ಮಗುವಿನ ಕ್ಷೇಮ ಸಮಾಚಾರವನ್ನು ತಿಳಿಸುವುದು ಅದರ ಮಿಸುಕಾಟವೊಂದೇ. ಆ ಸಮಾಚಾರ ತಲುಪುವುದೂ ಒಬ್ಬಳಿಗೇ, ಹೆತ್ತೊಡಲಿನ ತಾಯಿಗೆ.

ಈ ಮಿಸುಕಾಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಸಮಾಧಾನದ ಮಾತು ಬಳಕೆಯಲ್ಲಿದೆ. "ದಿನ ತುಂಬಿದ ಮೇಲೆ ಮಗುವಿಗೆ ಒಳಗೆ ಜಾಗ ಸಾಲದು, ಅದಕ್ಕೇ ಸುಮ್ಮನಾಗುತ್ತದೆ, ಹೆರಿಗೆ ಹತ್ತಿರ ಬಂತೆಂದು ತಿಳಿ" ಎಂದು ಹಿರಿಯರು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತಿನಲ್ಲಿ ಅರ್ಧ ಮಾತ್ರ ಸತ್ಯವಿದೆ. ಉಳಿದ ಅರ್ಧ ಕೆಲವೊಮ್ಮೆ ಜೀವಕ್ಕೆ ಎರವಾಗುತ್ತದೆ.

ಚೊಚ್ಚಲ ಬಸುರಿಗೆ ಸಾಮಾನ್ಯವಾಗಿ ೧೮ರಿಂದ ೨೦ನೆಯ ವಾರದ ಹೊತ್ತಿಗೆ ಮಗುವಿನ ಚಲನೆ ಮೊದಲಬಾರಿಗೆ ಅರಿವಿಗೆ ಬರುತ್ತದೆ. ಮೊದಲೇ ಹೆತ್ತವರಿಗೆ ಅದು ಇನ್ನೂ ಒಂದೆರಡು ವಾರ ಮುಂಚೆ ತಿಳಿಯುವುದುಂಟು. ಆರಂಭದಲ್ಲಿ ಅದು ನೀರಿನೊಳಗೆ ಮೀನು ಹೊರಳಿದಂಥ ಅನುಭವ. ವಾರಗಳು ಕಳೆದಂತೆ ಒದೆತ, ತಿವಿತ, ಹೊರಳಾಟಗಳು ಹೆಚ್ಚುತ್ತ ಹೋಗಿ, ೩೨ನೆಯ ವಾರದ ಸುಮಾರಿಗೆ ಒಂದು ಮಟ್ಟವನ್ನು ಮುಟ್ಟುತ್ತವೆ. ಅಲ್ಲಿಂದ ಹೆರಿಗೆಯವರೆಗೆ ಅವು ಆ ಮಟ್ಟದಲ್ಲಿಯೇ ನಿಲ್ಲಬೇಕು.

ಹಾಗಾದರೆ ಹಿರಿಯರ ಮಾತಿನಲ್ಲಿ ಸತ್ಯವೆಷ್ಟು? ಚಲನೆಯ ರೀತಿ ಬದಲಾಗುತ್ತದೆ ಎಂಬುದು ಸತ್ಯ. ಏಳನೆಯ ತಿಂಗಳಲ್ಲಿ ಲಾಗ ಹಾಕುತ್ತಿದ್ದ ಮಗು ಒಂಬತ್ತನೆಯ ತಿಂಗಳಲ್ಲಿ ಹಾಗೆ ಮಾಡಲಾರದು. ಚುರುಕಾದ ಒದೆತಗಳ ಬದಲು ನಿಧಾನವಾದ ಒತ್ತುವಿಕೆ, ಮೈಮುರಿಯುವಿಕೆ, ಹೊಟ್ಟೆಯ ಒಂದು ಬದಿ ಉಬ್ಬಿ ಇನ್ನೊಂದು ಬದಿಗೆ ಸರಿಯುವುದು ಕಾಣುತ್ತವೆ. ಆದರೆ ಚಲನೆಗಳ ಸಂಖ್ಯೆ ಇಳಿಯುವುದಿಲ್ಲ. ರೀತಿ ಬದಲಾದರೆ ಅದು ಸಹಜ. ಲೆಕ್ಕ ಕಡಿಮೆಯಾದರೆ ಅದು ಸೂಚನೆ. ಇವೆರಡರ ನಡುವಿನ ಭೇದವನ್ನು ಪ್ರತಿಯೊಬ್ಬ ಗರ್ಭಿಣಿಯೂ ಆಕೆಯ ಮನೆಯವರೂ ತಿಳಿದಿರಬೇಕು.

ಮಗು ಸುಮ್ಮನಾಗುವುದೇಕೆ? ಅದಕ್ಕೆ ಬೇಕಾದ ಪ್ರಾಣವಾಯುವೂ ಆಹಾರವೂ ಮಾಸಿನ ಮೂಲಕ, ಹೊಕ್ಕುಳ ಬಳ್ಳಿಯ ದಾರಿಯಾಗಿ ಬರುತ್ತವೆ. ಮಾಸು ದುರ್ಬಲವಾಗಿ ಪೂರೈಕೆ ಕುಗ್ಗಿದಾಗ ಮಗು ಖರ್ಚನ್ನು ಕಡಿಮೆ ಮಾಡುತ್ತದೆ. ಬೇಸಗೆಯಲ್ಲಿ ಬಾವಿಯ ನೀರು ತಳ ಕಂಡಾಗ ಮನೆಯೊಡತಿ ತೋಟಕ್ಕೆ ಬಿಡುವುದನ್ನು ನಿಲ್ಲಿಸಿ ಕುಡಿಯುವುದಕ್ಕೂ ಅಡುಗೆಗೂ ನೀರನ್ನು ಉಳಿಸಿಕೊಳ್ಳುವುದಿಲ್ಲವೇ? ಹಾಗೆಯೇ ಮಗು ಕೈಕಾಲುಗಳ ಆಟವನ್ನು ನಿಲ್ಲಿಸಿ ಮಿದುಳನ್ನೂ ಹೃದಯವನ್ನೂ ಕಾಪಾಡಿಕೊಳ್ಳಲು ಯತ್ನಿಸುತ್ತದೆ. ಆಗ ಎದೆಬಡಿತವೇನೋ ಕೇಳಿಸುತ್ತಿರುತ್ತದೆ. ಒಳಗೆ ಬರ ಆರಂಭವಾಗಿರುತ್ತದೆ. ಒಡಲಲ್ಲೇ ಮಗುವನ್ನು ಕಳೆದುಕೊಂಡ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಅದಕ್ಕೆ ಮುನ್ನ ಮಿಸುಕಾಟ ಕಡಿಮೆಯಾದುದನ್ನು ಗಮನಿಸಿದ್ದರೆಂದು ವೈದ್ಯಶಾಸ್ತ್ರ ಹೇಳುತ್ತದೆ.

ಹೀಗೆಂದ ಮಾತ್ರಕ್ಕೆ ಮಗು ಅರೆಗಳಿಗೆ ಸುಮ್ಮನಿದ್ದರೆ ಗಾಬರಿಪಡಬೇಕಾಗಿಲ್ಲ. ಅದಕ್ಕೂ ನಿದ್ದೆಯುಂಟು. ಒಮ್ಮೆಗೆ ಸಾಮಾನ್ಯವಾಗಿ ೨೦ರಿಂದ ೪೦ ನಿಮಿಷ ಮಲಗುತ್ತದೆ; ಆರೋಗ್ಯವಾಗಿರುವ ಮಗುವಿನ ನಿದ್ದೆ ೯೦ ನಿಮಿಷವನ್ನು ಮೀರುವುದು ಅಪರೂಪ. ಸಂಜೆ ಮತ್ತು ರಾತ್ರಿಯ ಹೊತ್ತು ಚಲನೆ ಹೆಚ್ಚು. ತಾಯಿ ದುಡಿಯುತ್ತಿರುವಾಗ ಚಲನೆಗಳು ಅವಳ ಅರಿವಿಗೆ ಬಾರದೆ ಹೋಗುತ್ತವೆ. ಅಂಗಳದಲ್ಲಿ ಅಡಕೆ ಹರವುವಾಗ, ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವಾಗ ಗಮನವೆಲ್ಲ ಕೈಯ ಮೇಲಿರುತ್ತದೆ, ಹೊಟ್ಟೆಯ ಮೇಲಲ್ಲ. ಆದ್ದರಿಂದ ದಿನಕ್ಕೊಮ್ಮೆಯಾದರೂ, ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ, ಮನಸ್ಸನ್ನು ಮಗುವಿನ ಕಡೆಗೆ ತಿರುಗಿಸುವುದು ಒಳ್ಳೆಯದು.

ಚಲನೆಗಳನ್ನು ಎಣಿಸುವ ಪದ್ಧತಿ ಇಂಗ್ಲೆಂಡಿನ ನೆರೆಯ ವೇಲ್ಸ್ ನಾಡಿನ ಕಾರ್ಡಿಫ್ ನಗರದಿಂದ ೧೯೭೬ರಲ್ಲಿ ಪ್ರಸಿದ್ಧಿಗೆ ಬಂತು. ಅಲ್ಲಿನ ವೈದ್ಯರಾದ ಪಿಯರ್ಸನ್ ಮತ್ತು ವೀವರ್, ೧೨ ತಾಸುಗಳಲ್ಲಿ ಹತ್ತು ಚಲನೆಗಳಾದರೂ ಇರಬೇಕೆಂಬ ಅಳತೆಯನ್ನು ಮುಂದಿಟ್ಟರು. ಇಂದು ಹಲವು ವೈದ್ಯರು, ಮಲಗಿ ಗಮನಿಸುವಾಗ ಎರಡು ತಾಸುಗಳಲ್ಲಿ ಹತ್ತು ಚಲನೆಗಳು ತಿಳಿಯಬೇಕೆನ್ನುತ್ತಾರೆ. ಎಣಿಸಲು ಕಾಗದ ಲೇಖನಿಗಳು ಬೇಕಿಲ್ಲ. ಅಟ್ಟದ ಮೇಲಿನ ಚೆನ್ನೆಮಣೆಯನ್ನು ಇಳಿಸಿ, ಒಂದು ಗುಳಿಯಲ್ಲಿ ಹತ್ತು ಕಾಯಿಗಳನ್ನಿಟ್ಟು, ಮಗು ಮಿಸುಕಿದಾಗಲೆಲ್ಲ ಒಂದನ್ನು ಪಕ್ಕದ ಗುಳಿಗೆ ಹಾಕಿದರೆ ಸಾಕು.

ಆದರೆ ಎಣಿಕೆಯೇ ರಕ್ಷಾಕವಚವಲ್ಲ. ೧೯೮೯ರಲ್ಲಿ ಪ್ರಕಟವಾದ, ಸುಮಾರು ೬೮,೦೦೦ ಗರ್ಭಿಣಿಯರನ್ನು ಒಳಗೊಂಡ ಒಂದು ದೊಡ್ಡ ಅಧ್ಯಯನದಲ್ಲಿ, ದಿನವೂ ಕಟ್ಟುನಿಟ್ಟಾಗಿ ಎಣಿಸಿದ ಮಾತ್ರಕ್ಕೆ ಶಿಶುಮರಣ ಇಳಿಯಲಿಲ್ಲ. ೨೦೧೮ರಲ್ಲಿ ಬ್ರಿಟನ್ ಮತ್ತು ಐರ್ಲೆಂಡುಗಳಿಂದ ಬಂದ, ನಾಲ್ಕು ಲಕ್ಷಕ್ಕೂ ಹೆಚ್ಚು ಬಸಿರುಗಳ ಅಧ್ಯಯನವು, ತಾಯಂದಿರಿಗೆ ತಿಳಿವಳಿಕೆ ಕೊಟ್ಟು ಆಸ್ಪತ್ರೆಗಳಿಗೆ ಕಾರ್ಯಕ್ರಮ ಹಾಕಿಕೊಟ್ಟರೂ ಗರ್ಭದೊಳಗಿನ ಮರಣಗಳು ಗಮನಾರ್ಹವಾಗಿ ತಗ್ಗಲಿಲ್ಲವೆಂದು ತಿಳಿಸಿತು. ಇದರಿಂದ ತಾಯಿಯ ಅರಿವು ವ್ಯರ್ಥವೆಂದು ತಿಳಿಯಬಾರದು. ಎಲ್ಲ ಮಕ್ಕಳಿಗೂ ಒಂದೇ ಅಳತೆಗೋಲು ಸಲ್ಲದು ಎಂಬುದು ಇದರಿಂದ ಕಲಿಯಬೇಕಾದ ಪಾಠ. ದಿನಕ್ಕೆ ನೂರು ಬಾರಿ ಹೊರಳುತ್ತಿದ್ದ ಮಗು ಇಪ್ಪತ್ತಕ್ಕೆ ಇಳಿದರೆ, ಹತ್ತರ ಲೆಕ್ಕ ತುಂಬಿದರೂ ಅದು ಅಪಾಯದ ಸೂಚನೆಯೇ. ಆದ್ದರಿಂದ ತನ್ನ ಮಗುವಿನ ಸ್ವಭಾವವನ್ನು ತಾನು ಅರಿತು, ಅದು ತಪ್ಪಿದ ದಿನ ಅಂದೇ ಆಸ್ಪತ್ರೆಗೆ ಹೋಗುವುದೇ ಸರಿಯಾದ ಮಾರ್ಗ. ಬೆಲ್ಲದ ನೀರು ಕುಡಿದು ಬೆಳಗಿನವರೆಗೆ ಕಾಯುವುದು ಸಲ್ಲದು. ಹೀಗೆ ಒಮ್ಮೆ ಬಂದವರಲ್ಲಿ ಹತ್ತರಲ್ಲಿ ಏಳು ಮಂದಿಗೆ ಯಾವ ತೊಂದರೆಯೂ ಇರುವುದಿಲ್ಲ. ಅವರು ನಗುತ್ತ ಮನೆಗೆ ಮರಳುತ್ತಾರೆ. ಮಿಕ್ಕ ಮೂವರಿಗಾಗಿ ಹತ್ತು ಮಂದಿಯೂ ಹೋಗಬೇಕು.

ಇನ್ನು ಮಗುವಿನ ಭಂಗಿಯ ವಿಚಾರ. ೨೮ನೆಯ ವಾರದಲ್ಲಿ ನಾಲ್ಕರಲ್ಲೊಂದು ಪಾಲು ಮಕ್ಕಳು ತಲೆ ಮೇಲಾಗಿ, ಪೃಷ್ಠ ಕೆಳಗಾಗಿ ಇರುತ್ತವೆ. ದಿನ ತುಂಬುವ ಹೊತ್ತಿಗೆ ಬಹುಪಾಲು ತಾವಾಗಿಯೇ ತಿರುಗಿ, ನೂರಕ್ಕೆ ಮೂರು ನಾಲ್ಕು ಮಾತ್ರ ಹಾಗೆಯೇ ಉಳಿಯುತ್ತವೆ. ಗರ್ಭಕೋಶದ ಮೇಲ್ಭಾಗ ಅಗಲ, ಕೆಳಭಾಗ ಕಿರಿದು. ಮಡಿಸಿದ ಕಾಲುಗಳಿಗೂ ಪೃಷ್ಠಕ್ಕೂ ಹೆಚ್ಚು ಜಾಗ ಬೇಕಾದುದರಿಂದ ಅವು ಮೇಲಕ್ಕೆ ಸೇರಿ ತಲೆ ಕೆಳಕ್ಕೆ ಹೊಂದಿಕೊಳ್ಳುತ್ತದೆ. ತಲೆ ಕೆಳಗಾದ ಮಗುವಿನ ಒದೆತ ತಾಯಿಯ ಪಕ್ಕೆಲುಬಿನ ಕೆಳಗೆ ತಿಳಿಯುತ್ತದೆ. ಒದೆತವೆಲ್ಲ ಕಿಬ್ಬೊಟ್ಟೆಯಲ್ಲಿಯೇ ಆಗುತ್ತ, ಪಕ್ಕೆಲುಬಿನ ಬಳಿ ಗಟ್ಟಿಯಾದ ಉಂಡೆಯೊಂದು ತಗಲಿದರೆ ತಲೆ ಮೇಲಿರುವ ಸಂಭವವುಂಟು. ನಿರ್ಧರಿಸಬೇಕಾದುದು ಪರೀಕ್ಷಿಸುವ ಕೈಗಳು ಮತ್ತು ಸ್ಕ್ಯಾನಿಂಗ್.

ಮಗು ಕೆಳಕ್ಕಿಳಿಯುವುದು ಇನ್ನೊಂದು ಬದಲಾವಣೆ. ಚೊಚ್ಚಲ ಬಸುರಿಯಲ್ಲಿ ಹೆರಿಗೆಗೆ ಎರಡರಿಂದ ನಾಲ್ಕು ವಾರ ಮುಂಚೆ ತಲೆ ಕಟಿಯೊಳಕ್ಕೆ ಇಳಿಯುತ್ತದೆ. ಉಸಿರಾಟ ಹಗುರಾಗುತ್ತದೆ, ಎದೆಯುರಿ ತಗ್ಗುತ್ತದೆ; ಆದರೆ ಮೂತ್ರಕ್ಕೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ, ನಡಿಗೆ ಭಾರವಾಗುತ್ತದೆ. ಮೊದಲೇ ಹೆತ್ತವರಲ್ಲಿ ಇದು ನೋವು ಆರಂಭವಾದಾಗಲಷ್ಟೇ ನಡೆಯುವುದುಂಟು. "ಮಗು ಇಳಿದಿದೆ, ಅದಕ್ಕೇ ಮಿಸುಕುತ್ತಿಲ್ಲ" ಎಂಬ ಮಾತು ಹುಟ್ಟುವುದು ಈ ಹಂತದಲ್ಲಿಯೇ. ಇಳಿದ ಮಗುವೂ ಮಿಸುಕಬೇಕು. ಹೆರಿಗೆಯ ನೋವಿನ ನಡುವೆಯೂ ಅದು ಮಿಸುಕುತ್ತದೆ.

ತಪ್ಪು ಭಂಗಿಯ ಅಪಾಯವನ್ನು ನಮ್ಮ ಪ್ರಾಚೀನರು ಬಲ್ಲವರಾಗಿದ್ದರು. ಸುಶ್ರುತ ಸಂಹಿತೆಯು ಹೊರಬರಲಾಗದೆ ಸಿಕ್ಕಿಕೊಂಡ ಶಿಶುವನ್ನು ಮೂಢಗರ್ಭವೆಂದು ಕರೆದು, ಕೀಲ, ಪ್ರತಿಖುರ, ಬೀಜಕ, ಪರಿಘ ಎಂಬ ಭೇದಗಳನ್ನು ಹೇಳುತ್ತದೆ. ಪರಿಘವೆಂದರೆ ಬಾಗಿಲಿಗೆ ಹಾಕುವ ಅಗುಳಿ. ಅಡ್ಡಲಾಗಿ ಮಲಗಿದ ಮಗುವಿಗೆ ಇದಕ್ಕಿಂತ ತಕ್ಕ ಹೆಸರು ಸಿಗಲಾರದು. ಈ ಸ್ಥಿತಿ ಹಲವು ಬಾರಿ ಹೆತ್ತು ಹೊಟ್ಟೆಯ ಸ್ನಾಯುಗಳು ಸಡಿಲವಾದವರಲ್ಲಿ ಹೆಚ್ಚು. ಅಂಥವರಿಗೆ ನೀರು ಒಡೆದರೆ ಹೊಕ್ಕುಳ ಬಳ್ಳಿ ಮೊದಲು ಜಾರಿಬಂದು ಮಗುವಿನ ಉಸಿರೇ ಕಟ್ಟಬಹುದು. ನಿಮಿಷಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಪೃಷ್ಠ ಕೆಳಗಾದ ಮಗುವನ್ನು ೩೬-೩೭ನೆಯ ವಾರದ ಬಳಿಕ ತಜ್ಞರು ಹೊರಗಿನಿಂದಲೇ ಕೈಯೊತ್ತಿ ತಿರುಗಿಸುವುದುಂಟು. ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಅದು ಫಲಿಸುತ್ತದೆ. ಆದರೆ ಅದು ಶಸ್ತ್ರಚಿಕಿತ್ಸೆಯ ಕೊಠಡಿ ಸಿದ್ಧವಿರುವಲ್ಲಿ ನಡೆಯಬೇಕಾದ ಕೆಲಸ. ಮನೆಯಲ್ಲಿ ಎಣ್ಣೆ ತಿಕ್ಕಿ ಹೊಟ್ಟೆಯನ್ನು ಹೊರಳಿಸಿದರೆ ಮಾಸು ಕಳಚಿ ರಕ್ತಸ್ರಾವವಾದೀತು.

ಇದನ್ನೆಲ್ಲ ಕೊಕ್ಕಡದಂಥ ಊರಿನ ಕಣ್ಣಿನಿಂದ ನೋಡಿದಾಗ ಇದರ ತೂಕ ತಿಳಿಯುತ್ತದೆ. ಬೆಳ್ತಂಗಡಿ ತಾಲೂಕಿನ ಈ ಊರಿನ ಸುತ್ತ ಮನೆಗಳು ಒಂದೆಡೆ ಗುಂಪಾಗಿಲ್ಲ. ತೋಟಕ್ಕೊಂದು, ಗುಡ್ಡದ ಬದಿಗೊಂದು. ಆಟಿಯ ಮಳೆಯಲ್ಲಿ ಹಳ್ಳ ತುಂಬಿದರೆ ರಸ್ತೆಗೆ ಬರುವುದೇ ಸಾಹಸ. ತಾಲೂಕು ಆಸ್ಪತ್ರೆಗಳಿರುವುದು ಬೆಳ್ತಂಗಡಿ, ಪುತ್ತೂರುಗಳಲ್ಲಿ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಮಂಗಳೂರಿಗೇ ಹೋಗಬೇಕು. ಇಂಥಲ್ಲಿ ನಡುಹಗಲು ಕಂಡ ಸೂಚನೆಯನ್ನು ಸಂಜೆಯವರೆಗೆ ಅಲಕ್ಷಿಸುವುದೆಂದರೆ ಬೆಳಕನ್ನು ಕೈಬಿಟ್ಟು ಕತ್ತಲೆಯನ್ನು ಆರಿಸಿಕೊಂಡಂತೆ. ಸೀಮಂತ ಮುಗಿಸಿ ತವರಿಗೆ ಬರುವ ಮಗಳು ಸೀರೆ ಬಳೆಗಳ ಜೊತೆಗೆ ತಾಯಿ ಕಾರ್ಡನ್ನೂ ತರಬೇಕು. ಬಂದ ವಾರದಲ್ಲಿಯೇ ತವರೂರಿನ ಆಶಾ ಕಾರ್ಯಕರ್ತೆಗೆ ತನ್ನ ಇರವನ್ನು ತಿಳಿಸಬೇಕು. ಪ್ರತಿ ತಿಂಗಳ ೯ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ೨೦೧೬ರಿಂದ ನಡೆಯುತ್ತಿದೆ. ೨೦೦೮ರಲ್ಲಿ ನಮ್ಮ ರಾಜ್ಯಕ್ಕೆ ಬಂದ ೧೦೮ರ ವಾಹನ ಯಾವ ಜಾಗದವರೆಗೆ ಬರಬಲ್ಲದು, ಅಲ್ಲಿಯವರೆಗೆ ಬಸುರಿಯನ್ನು ಹೇಗೆ ತಲುಪಿಸಬೇಕು ಎಂಬುದನ್ನು ಮನೆಯವರು ಮೊದಲೇ ನಿಶ್ಚಯಿಸಿಟ್ಟಿರಬೇಕು.

ಕೊಕ್ಕಡದ ತಾಯಂದಿರಿಗೆ ಇನ್ನೊಂದು ಭಯವೂ ಇದೆ. ೧೯೮೦ರ ದಶಕದಲ್ಲಿಯೂ ಅನಂತರವೂ ಈ ಭಾಗದ ಗೇರು ತೋಪುಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯಲಾಯಿತು. ಅಂಗವೈಕಲ್ಯದಿಂದ ನರಳುವ ಮಕ್ಕಳು, ಅವರ ಪಕ್ಕದಿಂದ ಏಳಲಾಗದ ತಾಯಂದಿರು ಇಲ್ಲಿಯ ಮನೆಮನೆಗಳಲ್ಲಿ ಕಂಡುಬಂದರು. ಸರ್ವೋಚ್ಚ ನ್ಯಾಯಾಲಯ ೨೦೧೧ರಲ್ಲಿ ಆ ವಿಷವನ್ನು ದೇಶದಾದ್ಯಂತ ತಡೆಯಿತು. ಆದರೂ ಬಸುರಿಯಾದವಳ ಮನಸ್ಸಿನಲ್ಲಿ "ನನ್ನ ಮಗು ಸರಿಯಾಗಿರುವುದೇ?" ಎಂಬ ಪ್ರಶ್ನೆ ಏಳದಿರದು. ಇದಕ್ಕೆ ಮಿಸುಕಾಟ ಉತ್ತರ ಹೇಳಲಾರದು. ಅವಯವಗಳ ರಚನೆಯನ್ನು ೧೮ರಿಂದ ೨೦ನೆಯ ವಾರದ ಸ್ಕ್ಯಾನಿಂಗಿನಲ್ಲಿ ನೋಡಬೇಕು. ಅದೂ ಎಲ್ಲವನ್ನೂ ತೋರಿಸದು. ಚೆನ್ನಾಗಿ ಒದೆಯುವ ಮಗುವಿನಲ್ಲಿ ನ್ಯೂನತೆ ಇರಬಹುದು, ನ್ಯೂನತೆಯಿಲ್ಲದ ಮಗುವೂ ಒಂದು ದಿನ ಸುಮ್ಮನಾಗಬಹುದು. ಮಿಸುಕಾಟ ಹೇಳುವುದು ಒಂದೇ ಸಂಗತಿ: ಇಂದು, ಈ ಹೊತ್ತು, ಮಗುವಿಗೆ ಬೇಕಾದುದು ತಲುಪುತ್ತಿದೆಯೇ ಎಂಬುದು.

ಕೊನೆಯದಾಗಿ, ಮನೆಯ ಅತ್ತೆಯಂದಿರಿಗೂ ತಾಯಂದಿರಿಗೂ ಗಂಡಂದಿರಿಗೂ ಒಂದು ಮಾತು. "ಯಾಕೋ ಇವತ್ತು ಮಗು ಅಷ್ಟಾಗಿ ಮಿಸುಕಲಿಲ್ಲ" ಎಂದು ಬಸುರಿ ಹೇಳುವಾಗ ಅವಳ ದನಿ ಸಾಮಾನ್ಯವಾಗಿ ಮೆಲ್ಲಗಿರುತ್ತದೆ. ಮನೆಯ ಕೆಲಸ ಕೆಡುತ್ತದೆ, ಬಾಡಿಗೆಯ ಹಣ ಖರ್ಚಾಗುತ್ತದೆ, ಎಲ್ಲರೂ ನಕ್ಕಾರು ಎಂಬ ಸಂಕೋಚ ಅವಳಿಗಿರುತ್ತದೆ. ಆ ಸಂಕೋಚವನ್ನು ಅವಳಿಂದ ಇಳಿಸುವುದು ನಿಮ್ಮ ಕರ್ತವ್ಯ. ಕಾರಣ ಕೇಳದೆ ವಾಹನಕ್ಕೆ ಹೇಳಿಕಳುಹಿಸಿ. ಏನೂ ಇಲ್ಲವೆಂದು ವೈದ್ಯರು ಹಿಂದೆ ಕಳಿಸಿದರೆ ಸಂತೋಷಪಡಿ. ನಾಳೆ ಮತ್ತೆ ಹಾಗಾದರೆ, ಮತ್ತೆ ಕರೆದುಕೊಂಡು ಹೋಗಿ.